ಮಂಗಳವಾರ ಬೆಳಿಗ್ಗೆ 8:44ಕ್ಕೆ

"2038ರ ಜನವರಿ 19, ಮಂಗಳವಾರ. ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಅಲ್ಲಿಗೆ ಮುಗಿಯಿತು" ಎಂದ ರಾಘು, ವಡೆಯನ್ನು ಸಾಂಬಾರಿಗೆ ಅದ್ದುತ್ತಾ.

"ಏನು, ವಡೆಯಾ?"

"ಹಳೇ ಕಂಪ್ಯೂಟರುಗಳ ಕಾಲ ಕಣೋ!"

ಶೀನ ಆಗಲೇ ಬೆರಳು ಮಡಚುತ್ತಿದ್ದ. "ಮಂಗಳವಾರ ರಾಹುಕಾಲ ಇರುವುದು ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಏನೂ ಆಗುವುದಿಲ್ಲ ಬಿಡು."

ರಾಘು ಸಾಫ್ಟ್‌ವೇರಿನವನು. ಶುರು ಮಾಡಿದರೆ ಕಾಫಿ ಆರಿದರೂ ನಿಲ್ಲಿಸುವವನಲ್ಲ. ಕಂಪ್ಯೂಟರಿಗೆ ತಿಂಗಳು, ವಾರ ಒಂದೂ ಗೊತ್ತಿಲ್ಲವಂತೆ. ಕಂಪ್ಯೂಟರು ನಡೆಸುವ ಯುನಿಕ್ಸ್ ಎಂಬ ತಂತ್ರಾಂಶದ ಲೆಕ್ಕದಲ್ಲಿ 1970ರ ಜನವರಿ 1 ಅಂದರೆ ಸೊನ್ನೆ. ಅಲ್ಲಿಂದ ಸುಮ್ನೆ ಸೆಕೆಂಡು ಎಣಿಸುತ್ತಾ ಕೂರುವುದೇ ಅದರ ಕೆಲಸ. ಎಣಿಸಿದ್ದನ್ನು ಇಡಲು ಕೊಟ್ಟಿದ್ದು 32 ಬಿಟ್ ಜಾಗ, ಅಂದರೆ ಸೊನ್ನೆಯನ್ನೋ ಒಂದನ್ನೋ ಇಡುವ 32 ಮನೆಗಳು. ಅದರಲ್ಲೂ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಹೇಳುವುದಕ್ಕೇ ಹೋಯಿತು. ಉಳಿದದ್ದರಲ್ಲಿ 2,14,74,83,647ರವರೆಗೆ ಹಿಡಿಸುತ್ತದೆ.

"ಆಮೇಲೆ ಮತ್ತೆ ಸೊನ್ನೆ, ಅಲ್ವಾ?" ಎಂದ ಮೂರ್ತಿ.

"ಸೊನ್ನೆಗೆ ಬಂದಿದ್ದರೆ ಪುಣ್ಯ. ಆ ಒಂದು ಬಿಟ್ ಮಗುಚಿ ಲೆಕ್ಕ ಮೈನಸ್ಸಿಗೆ ಹೋಗುತ್ತದೆ. 1901ರ ಡಿಸೆಂಬರಿನಲ್ಲಿ ಬಿದ್ದಿರುತ್ತೇವೆ!"

ಮೂರ್ತಿಯ ಮುಖ ಅರಳಿತು. ಅವನ ಮನೆ ಸಾಲ ತೀರುವುದು 2041ಕ್ಕೆ. "1901ರಲ್ಲಿ ನಾನೂ ಹುಟ್ಟಿಲ್ಲ, ಮನೆಯೂ ಕಟ್ಟಿಲ್ಲ. ಇಎಂಐ ಯಾರು ಕಟ್ಟಬೇಕು?"

"1901ರಿಂದಲೇ ಬಡ್ಡಿ ಹಾಕಿಬಿಟ್ಟರೆ?" ಎಂದಳು ಗಿರಿಜಾ. "ಅದೂ ಅಲ್ಲದೆ ನಿನ್ನ ಕೊನೇ ಕಂತಿನ ತಾರೀಕು ಬ್ಯಾಂಕಿನ ಕಂಪ್ಯೂಟರಿನಲ್ಲಿ ಆಗಲೇ ಕೂತಿದೆ. ಆ ಕಂಪ್ಯೂಟರು 2038 ದಾಟಿ ಎಣಿಸಬಲ್ಲದ್ದರಿಂದಲೇ ನಿನಗೆ ಸಾಲ ಸಿಕ್ಕಿದ್ದು."

ಪಾಪ, ಮೂರ್ತಿ ಎರಡನೇ ವಡೆ ತರಿಸಿದ.

"2000ದಲ್ಲೂ ಇಸವಿ ಬದಲಾದರೆ ಕಂಪ್ಯೂಟರು ಕೆಡುತ್ತದೆ ಅಂತ ಹೀಗೇ ಹೆದರಿಸಿದಿರಿ. ಏನಾಯಿತು?" ಶೀನ ಬಿಡಲಿಲ್ಲ.

"ಹಗಲೂ ರಾತ್ರಿ ಕೂತು ಸರಿಮಾಡಿದ್ದಕ್ಕೆ ಏನೂ ಆಗಲಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಜನ ಆ ಕೆಲಸದಲ್ಲೇ ಅನ್ನ ಕಂಡರು. ಬೋಯಿಂಗ್ 787 ಕಥೆ ಕೇಳು. 2015ರಲ್ಲಿ ಅಮೆರಿಕದಲ್ಲಿ ಆದೇಶವೇ ಹೊರಟಿತು. 248 ದಿನ ಒಂದೇ ಸಮನೆ ಆನ್ ಇಟ್ಟರೆ ಜನರೇಟರ್ ನೋಡಿಕೊಳ್ಳುವ ಕಂಪ್ಯೂಟರಿನ ಎಣಿಕೆ ತುಂಬಿ, ವಿಮಾನದ ಕರೆಂಟೇ ಹೋಗಬಹುದು. ಅದಕ್ಕೇ ಮೊದಲೇ ಆಫ್ ಮಾಡಿ ಆನ್ ಮಾಡಿ ಅಂತ."

"ನಮ್ಮ ಕೇಬಲ್ ಹುಡುಗ ಸೆಟ್‌ಟಾಪ್ ಬಾಕ್ಸಿಗೆ ಹೇಳುವುದೂ ಅದನ್ನೇ!"

ಶೀನನಿಗೆ ಸಮಾಧಾನವಿಲ್ಲ. "ನಮ್ಮ ಸಂವತ್ಸರ ನೋಡ್ರೋ. ಅರವತ್ತು ಆಯಿತಾ, ಮತ್ತೆ ಪ್ರಭವ. 1927ರಲ್ಲಿ ಪ್ರಭವ, 1987ರಲ್ಲೂ ಪ್ರಭವ. ಪಂಚಾಂಗ ಯಾವತ್ತಾದರೂ ಹ್ಯಾಂಗ್ ಆಗಿದೆಯಾ?"

"ಅಜ್ಜಿ ಹುಟ್ಟಿದ್ದೂ ಪ್ರಭವ, ನಾನು ಹುಟ್ಟಿದ್ದೂ ಪ್ರಭವ" ಎಂದಳು ಗಿರಿಜಾ. "ಬರೀ ಸಂವತ್ಸರ ಬರೆದಿಟ್ಟಿದ್ದರೆ ಅಜ್ಜಿಯ ಪಿಂಚಣಿ ಇಷ್ಟು ಹೊತ್ತಿಗೆ ನನಗೆ ಬರುತ್ತಿತ್ತು."

ಫೋನು, ಲ್ಯಾಪ್‌ಟಾಪುಗಳೆಲ್ಲ ಹೆಚ್ಚುಕಡಿಮೆ 64 ಬಿಟ್‌ಗೆ ಬಂದಾಗಿವೆ ಎಂದ ರಾಘು. ಭಯವೇನಿದ್ದರೂ ಒಮ್ಮೆ ಗೋಡೆಗೆ ಜಡಿದು ಮರೆತುಬಿಟ್ಟ ಹಳೇ ಯಂತ್ರಗಳದ್ದು. 64 ಬಿಟ್ಟಿನ ಲೆಕ್ಕ ತುಂಬಲು ಸುಮಾರು 29,200 ಕೋಟಿ ವರ್ಷ ಬೇಕು.

ಮೂರ್ತಿ ಎದ್ದು ಕೂತ. "ಅಷ್ಟು ವರ್ಷಕ್ಕೆ ಸಾಲ ಕೊಡುತ್ತಾರಾ? ಇಎಂಐ ಭಾರೀ ಕಡಿಮೆ ಬರುತ್ತದೆ!"

"ಲೋ, ಸೂರ್ಯನೇ ಇರುವುದು ಇನ್ನು 500 ಕೋಟಿ ವರ್ಷ!"

"ಅಷ್ಟರೊಳಗೆ ಪ್ರೀಕ್ಲೋಸ್ ಮಾಡುತ್ತೇನೆ ಬಿಡು."