ನಡುಮಧ್ಯಾಹ್ನದ ಬಿಸಿಲಿನಲ್ಲಿ ಮದುವೆಯ ಗುಂಪು ಚಿತ್ರ ತೆಗೆಯುವುದು ಹೇಗೆ?

ಪ್ರಶ್ನೆ:
ಮುಂದಿನ ತಿಂಗಳು ಮಂಡ್ಯದ ಹತ್ತಿರದ ಹಳ್ಳಿಯೊಂದರಲ್ಲಿ ಮನೆಯ ಮುಂದೆಯೇ ನಡೆಯುವ ಮದುವೆಯ ಛಾಯಾಗ್ರಹಣವನ್ನು ಒಪ್ಪಿಕೊಂಡಿದ್ದೇನೆ. ಧಾರೆ ಮುಗಿದು ನೆಂಟರೆಲ್ಲ ಒಟ್ಟಾಗಿ ನಿಲ್ಲುವ ಹೊತ್ತಿಗೆ ಹನ್ನೆರಡೂವರೆಯಾಗುತ್ತದೆ. ಕಳೆದ ಸಲ ಇಂಥದೇ ಬಿಸಿಲಿನಲ್ಲಿ ವರನ ಪೇಟದ ನೆರಳು ಮೂಗಿನವರೆಗೂ ಇಳಿದು ಕಣ್ಣುಗಳೇ ಕಾಣಲಿಲ್ಲ. ಬಿಳಿ ಪಂಚೆಯ ನೆರಿಗೆಗಳೂ ಅಳಿಸಿಹೋದವು. ಮೂವತ್ತು ಜನರನ್ನು ಹೇಗೆ ನಿಲ್ಲಿಸಬೇಕು?

ಉತ್ತರ 1:
ಮೊದಲು ನೆರಳನ್ನು ಹುಡುಕಿ, ಸರ್. ದಟ್ಟವಾದ ಮರವಿದ್ದರೆ ಒಳ್ಳೆಯದು, ಆದರೆ ಎಲೆಗಳ ನಡುವೆ ತೂರಿದ ಬಿಸಿಲು ಮುಖಗಳ ಮೇಲೆ ಚುಕ್ಕೆಚುಕ್ಕೆಯಾಗಿ ಬೀಳುವಂತಿದ್ದರೆ ಆ ಜಾಗ ಬೇಡ. ಕೆಂಪು ಶಾಮಿಯಾನದ ಕೆಳಗಂತೂ ನಿಲ್ಲಿಸಲೇಬೇಡಿ, ಏಕೆಂದರೆ ಬಟ್ಟೆಯ ಬಣ್ಣ ಚರ್ಮಕ್ಕೆ ಹತ್ತಿದರೆ ಆಮೇಲೆ ತಿದ್ದುವುದು ಬಹಳ ಕಷ್ಟ.

ಉತ್ತರ 2:
ನೆರಳೇ ಸಿಗದಿದ್ದರೆ ಎಲ್ಲರ ಬೆನ್ನು ಸೂರ್ಯನ ಕಡೆಗಿರಲಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಶಟರ್ (ಬೆಳಕು ಒಳಬರುವ ಹೊತ್ತು) 1/200 ಸೆಕೆಂಡು, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/11 ರಿಂದ ಆರಂಭಿಸಿ, ಮುಖಗಳ ಮೇಲಿನ ನೆರಳು ತಿಳಿಯಾಗುವಂತೆ ಫ್ಲ್ಯಾಶ್ ಹಾಕಿ, ಆಮೇಲೆ ತಿದ್ದಲು ಹೆಚ್ಚು ಅವಕಾಶ ಕೊಡುವ ರಾ (RAW) ಕಡತದಲ್ಲಿಯೇ ತೆಗೆಯಿರಿ. ಕ್ಯಾಮೆರಾದ ಮೇಲಿನ ಪುಟ್ಟ ಫ್ಲ್ಯಾಶ್ ಹಿಂದಿನ ಸಾಲಿಗೆ ಸಾಲದು. ಸ್ಟ್ಯಾಂಡಿನ ಮೇಲೆ ಎತ್ತರದಲ್ಲಿ ಎರಡನ್ನು ಇಡುವುದು ಮೇಲು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮನೆಯ ಹಿಂದೆ ದೊಡ್ಡ ಹುಣಸೆ ಮರವಿದೆ. ಹಿಂದಿನ ದಿನವೇ ಅದೇ ಹೊತ್ತಿಗೆ ಹೋಗಿ ಅದರ ನೆರಳನ್ನು ನೋಡಿ ಬರುತ್ತೇನೆ.