ಓದುಗರ ಸ್ಪಂದನ: ವರದಿಗಾರ್ತಿಯ ಫೇಸ್‌ಬುಕ್ ಖಾತೆ ಯಾರದು?

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಸಮಸ್ಯೆ: ‘ಯಾದಗಿರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ದಿನಪತ್ರಿಕೆಯ ವರದಿಗಾರ್ತಿಯಾಗಿದ್ದೇನೆ. ಶಾಲಾ ಬಾಲಕಿಯೊಬ್ಬಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಸುದ್ದಿಯನ್ನು ಆಕೆಯ ಗುರುತು ಸಿಗದಂತೆ ಬರೆದೆ. ಊರಿನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಬಾಲಕಿಯ ಫೋಟೊ ಹರಿದಾಡುತ್ತಿದೆ. ನಾನು ಅದನ್ನು ಹಾಕಲಿಲ್ಲವೆಂದು “ದುಡ್ಡು ತಿಂದಿದ್ದಾಳೆ” ಎನ್ನುತ್ತಿದ್ದಾರೆ. ಆರೋಪಿಯ ಬೆನ್ನಿಗೆ ನಿಂತಿರುವ ಮುಖಂಡರೊಬ್ಬರ ಬಗ್ಗೆ ನನ್ನ ಫೇಸ್‌ಬುಕ್‌ನಲ್ಲಿ ಬರೆಯಬೇಕೆಂದಿದ್ದೇನೆ. ಸಂಪಾದಕರು ಬೇಡವೆನ್ನುತ್ತಾರೆ. ಖಾತೆ ನನ್ನದಲ್ಲವೇ?’

ಸೋದರಿ, ಖಾತೆ ನಿಮ್ಮದೇ. ಆದರೆ ಊರಿನವರು ನಿಮ್ಮನ್ನು ಬಲ್ಲದ್ದು ‘ಪೇಪರ್‌ನವರು’ ಎಂದು. ‘ಇಲ್ಲಿನ ಅಭಿಪ್ರಾಯಗಳು ವೈಯಕ್ತಿಕ’ ಎಂಬ ಸಾಲನ್ನು ಓದಿಕೊಂಡು ಮುಂದಿನದನ್ನು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ನೀವು ಬರೆದದ್ದು ಇನ್ನೊಂದು ಗ್ರೂಪ್ ತಲುಪುವಷ್ಟರಲ್ಲಿ ‘ಪತ್ರಿಕೆಯಲ್ಲೇ ಬಂದಿದೆಯಂತೆ’ ಎಂದಾಗಿರುತ್ತದೆ. ಡೆಸ್ಕ್‌ನಲ್ಲಿ ಒಂದು ವರದಿ ಅಚ್ಚಿಗೆ ಹೋಗುವ ಮೊದಲು ಹಲವರ ಕಣ್ಣಿಗೆ ಬೀಳುತ್ತದೆ, ಅವರಲ್ಲಿ ಯಾರಾದರೊಬ್ಬರು ‘ಎದುರಿನವರ ಹೇಳಿಕೆ ಎಲ್ಲಿ?’ ಎಂದು ಕೇಳಿಯೇ ಕೇಳುತ್ತಾರೆ. ಭಾರತೀಯ ಪತ್ರಿಕಾ ಮಂಡಳಿಯ ನಡತೆ ಸಂಹಿತೆಯೂ ಆರೋಪವನ್ನು ಪ್ರಕಟಿಸುವ ಮೊದಲು ಪರಿಶೀಲಿಸಿ ಎನ್ನುತ್ತದೆ. ಫೋನಿನಲ್ಲಿ ಈ ಪ್ರಶ್ನೆ ಕೇಳುವವರಿಲ್ಲ, ಅದರಲ್ಲೂ ರಾತ್ರಿಯ ಹೊತ್ತು, ಸಿಟ್ಟಿನಲ್ಲಿದ್ದಾಗ.

ಆ ಮುಖಂಡರು ನಿಜವಾಗಿಯೂ ಠಾಣೆಯ ಮೇಲೆ ಒತ್ತಡ ಹೇರಿದ್ದರೆ ಅದು ಫೇಸ್‌ಬುಕ್‌ನಲ್ಲಿ ಕರಗಿಹೋಗಬೇಕಾದ ಸಿಟ್ಟಲ್ಲ, ಸುದ್ದಿ. ಯಾರು ಕಂಡರು, ಯಾವ ದಾಖಲೆಯಿದೆ, ಅವರೇನು ಹೇಳುತ್ತಾರೆ ಎಂಬುದನ್ನು ಹಿಡಿದು ಪತ್ರಿಕೆಯಲ್ಲಿ ಬರೆಯಿರಿ. ಮೊದಲೇ ಪೋಸ್ಟ್ ಹಾಕಿದರೆ, ನಾಳೆ ನೀವು ಎಷ್ಟೇ ಎಚ್ಚರದಿಂದ ವರದಿ ಮಾಡಿದರೂ ಆರೋಪಿಯ ಕಡೆಯವರು ಅದರ ಸ್ಕ್ರೀನ್‌ಶಾಟ್ ಹಿಡಿದು ‘ಈಕೆಗೆ ಮೊದಲಿನಿಂದಲೂ ದ್ವೇಷವಿತ್ತು’ ಎನ್ನುತ್ತಾರೆ. ನಷ್ಟವಾಗುವುದು ಬಾಲಕಿಗೆ.

ಇದು ಅತಿಯಾದ ಅಂಜಿಕೆ ಎನ್ನಿಸಿದರೆ ಬೀದರ್ ಜಿಲ್ಲೆಯ ಮುರ್ಕಿಯನ್ನು ನೆನೆಯಿರಿ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬಂದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ‘ಮಕ್ಕಳ ಕಳ್ಳರು’ ಎಂಬ ಸಂದೇಶವಾಗಿ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮೊದಲೇ ಮುರ್ಕಿ ತಲುಪಿತು. ಗುಂಪು ಅವರನ್ನು ತಡೆದು ಹೊಡೆಯಿತು, ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡ. ದೇಶದಾದ್ಯಂತ ಇಂಥ ಹತ್ಯೆಗಳು ನಡೆದ ಮೇಲೆ ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಿತಿಗೊಳಿಸುವುದಾಗಿ ಪ್ರಕಟಿಸಿತು. ಊರಿನವರು ಹೆಸರು ಕೇಳಿದೊಡನೆ ನಂಬುವ ಪತ್ರಕರ್ತೆಗೆ ಐದು ಚಾಟ್‌ಗಳೂ ಬೇಕಿಲ್ಲ, ಒಂದೇ ಸಾಕು.
– ನಿವೃತ್ತ ಉಪಸಂಪಾದಕ, ಕಲಬುರಗಿ

ಫೋಟೊ ಹಾಕದೆ ಇದ್ದದ್ದು ನಿಮ್ಮ ಔದಾರ್ಯವಲ್ಲ, ಕಾನೂನು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಮು ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಇವುಗಳಲ್ಲಿ ಯಾವುದನ್ನೂ ಯಾವುದೇ ಬಗೆಯ ಮಾಧ್ಯಮದಲ್ಲಿ ಬಹಿರಂಗಪಡಿಸಕೂಡದು ಎನ್ನುತ್ತದೆ; ಮಗುವಿನ ಹಿತಕ್ಕೆ ಅಗತ್ಯವೆನಿಸಿದರೆ ವಿಶೇಷ ನ್ಯಾಯಾಲಯ ಮಾತ್ರ ಕಾರಣಗಳನ್ನು ಲಿಖಿತವಾಗಿ ದಾಖಲಿಸಿ ಅನುಮತಿ ಕೊಡಬಹುದು. ತಪ್ಪಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಅತ್ಯಾಚಾರದಂಥ ಅಪರಾಧಗಳಲ್ಲಿ ಸಂತ್ರಸ್ತೆಯ ಗುರುತು ಪ್ರಕಟಿಸುವವರಿಗೆ ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ.

ಹೆಸರು ಬಿಟ್ಟು ‘ಇಂಥ ಓಣಿಯ, ಕಿರಾಣಿ ಅಂಗಡಿಯವರ ಮಗಳು’ ಎಂದು ಬರೆಯುವವರಿದ್ದಾರೆ. ನಮ್ಮಂಥ ಸಣ್ಣ ಊರುಗಳಲ್ಲಿ ಅದಕ್ಕಿಂತ ಸ್ಪಷ್ಟವಾದ ಗುರುತು ಇನ್ನೊಂದಿಲ್ಲ. ಗ್ರೂಪ್‌ನ ಅಡ್ಮಿನ್‌ಗೆ ಪೋಕ್ಸೊದ ಕಲಮನ್ನು ಉಲ್ಲೇಖಿಸಿ ಫೋಟೊ ಅಳಿಸುವಂತೆ ಬರೆಯಿರಿ, ಆ ಸಂದೇಶವನ್ನು ಉಳಿಸಿಕೊಳ್ಳಿ. ಅಳಿಸದಿದ್ದರೆ ಠಾಣೆಗೆ ದೂರು ಕೊಡಿ. ಆದರೆ ಪುರಾವೆಗೆಂದು ಆ ಫೋಟೊವನ್ನು ಗೆಳೆಯರಿಗೆ ಕಳುಹಿಸಬೇಡಿ. (ನಮ್ಮ ವೃತ್ತಿಯೂ ಸಾಚಾ ಅಲ್ಲ. ವಕೀಲರು ಜಾಹೀರಾತು ಮಾಡಿಕೊಳ್ಳಬಾರದೆಂದು ಬಾರ್ ಕೌನ್ಸಿಲ್‌ನ 36ನೇ ನಿಯಮ ಹೇಳುತ್ತಿದ್ದರೂ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ರೀಲ್ಸ್ ಮಾಡುವವರನ್ನು ದಿನವೂ ನೋಡುತ್ತಿದ್ದೇನೆ.)
– ವಕೀಲೆ, ಯಾದಗಿರಿ

ಇಂಥ ಫೋಟೊಗಳು ಎಷ್ಟೋ ಸಲ ಹೊರಬೀಳುವುದು ಆಸ್ಪತ್ರೆಯಿಂದಲೇ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ರೋಗಿಯ ಗುಟ್ಟು ಕಾಯಬೇಕೆಂಬ ಮಾತು ವೈದ್ಯರ 2002ರ ವೃತ್ತಿ ನಿಯಮಗಳಲ್ಲಿದೆ, ಆದರೂ ಗಾಯದ ಚಿತ್ರವನ್ನು ಸ್ಟೇಟಸ್‌ಗೆ ಹಾಕುವ ಸಿಬ್ಬಂದಿ ಇದ್ದಾರೆ. ‘ಸಿಸ್ಟರ್, ಒಂದು ಫೋಟೊ ಕಳಿಸಿ, ನಿಮ್ಮ ಹೆಸರು ಹೇಳುವುದಿಲ್ಲ’ ಎಂದು ಕೇಳುವ ವರದಿಗಾರರೂ ಇದ್ದಾರೆ. ನೀವು ಹಾಗೆ ಕೇಳದವರಾದರೆ ಅದಷ್ಟೇ ನಮಗೆ ದೊಡ್ಡ ಉಪಕಾರ.
– ಶುಶ್ರೂಷಕಿ, ಬೀದರ್

ಸಂಪಾದಕರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ಸರ್ಕಾರಿ ಶಿಕ್ಷಕನಾದ ನನ್ನನ್ನು 2021ರ ನಡತೆ ನಿಯಮಗಳು ಕಟ್ಟಿಹಾಕಿವೆ, ಸರ್ಕಾರದ ನೀತಿಯನ್ನು ಟೀಕಿಸಿ ಒಂದು ಸಾಲು ಬರೆಯುವಂತಿಲ್ಲ. ನಿಮಗೆ ಆ ಕಟ್ಟಿಲ್ಲ. ಮಕ್ಕಳ ಸುರಕ್ಷತೆ, ಹಾಸ್ಟೆಲ್‌ಗಳ ಸ್ಥಿತಿ, ಠಾಣೆಯ ವಿಳಂಬ ಇವುಗಳ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಧಾರಾಳವಾಗಿ ಬರೆಯಿರಿ. ವರದಿಗಾರರಿಗೆ ಅಭಿಪ್ರಾಯವೇ ಇಲ್ಲವೆಂದು ನಟಿಸುವುದನ್ನು ಓದುಗರು ನಂಬುವುದೂ ಇಲ್ಲ. ನೀವೇ ವರದಿ ಮಾಡುತ್ತಿರುವ ಪ್ರಕರಣ ಮತ್ತು ಆ ಮುಖಂಡರು, ಇವೆರಡನ್ನು ಮಾತ್ರ ಬಿಡಿ. ಅವರ ಎದುರಾಳಿಯ ಪೋಸ್ಟ್‌ಗೆ ಲೈಕ್ ಒತ್ತುವುದನ್ನೂ ಬಿಡಿ, ಏಕೆಂದರೆ ಊರು ಅದನ್ನೇ ಮೊದಲು ನೋಡುತ್ತದೆ.

ಇನ್ನು, ಬೇಸರವೆಂದು ಆ ಗ್ರೂಪ್ ಬಿಟ್ಟು ಹೊರಬರಬೇಡಿ. ನಮ್ಮ ಕಡೆ ತೊಗರಿ ದರದಿಂದ ಹಿಡಿದು ಭೀಮೆಗೆ ನೀರು ಬಿಟ್ಟ ಸುದ್ದಿಯವರೆಗೆ ಎಲ್ಲವೂ ಜನರಿಗೆ ಗ್ರೂಪ್‌ನಿಂದಲೇ ಸಿಗುತ್ತದೆ. ಪ್ರವಾಹದ ದಿನಗಳಲ್ಲಿ ಹಳೆಯ ವಿಡಿಯೊ ನೋಡಿ ಮನೆ ಖಾಲಿ ಮಾಡಲು ಹೊರಟವರನ್ನು ಕಂಡಿದ್ದೇನೆ. ತಿಳಿದವರೊಬ್ಬರು ಅಲ್ಲಿರಲಿ. ‘ದುಡ್ಡು ತಿಂದಿದ್ದಾಳೆ’ ಎಂದವರ ಜೊತೆ ವಾದಕ್ಕಿಳಿಯದೆ, ನಿಮ್ಮ ಪ್ರಕಟಿತ ವರದಿಯನ್ನು ಹಾಕಿ, ಬಾಲಕಿಯ ಗುರುತು ಏಕೆ ಕೊಟ್ಟಿಲ್ಲವೆಂದು ಎರಡು ಸಾಲು ಬರೆಯಿರಿ. ಮುಂದೆ ಆರೋಪಪಟ್ಟಿ ಸಲ್ಲಿಕೆಯಾದ ದಿನ ಆ ವರದಿಯನ್ನೂ ಅದೇ ಗ್ರೂಪ್‌ಗೆ ಹಾಕಿ.
– ಪ್ರೌಢಶಾಲಾ ಶಿಕ್ಷಕ, ಅಫಜಲಪುರ