ವಾಲ್ ಪುಟ್ಟಿ ಮೇಲೆ ಹಚ್ಚಿದ ಅಕ್ರಿಲಿಕ್ ಬಣ್ಣ ಬತ್ತಿದ ಕೆರೆ ಹಾಗೆ ಬಿರಿದಿದೆ, ಏನು ಮಾಡಲಿ?

ಕೌಲ್‌ಬಜಾರ್ ಕುಂಚ:

ನಮಸ್ಕಾರ ಎಲ್ಲರಿಗೂ. ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಮೊದಲಿಂದ ಜಲವರ್ಣದ ಕೈ ನನ್ನದು. ಅಕ್ರಿಲಿಕ್ ಹಿಡಿದು ಒಂದು ವರ್ಷ ಆಯಿತು ಅಷ್ಟೇ. ಈಗ ಮಿಕ್ಸೆಡ್ ಮೀಡಿಯಾ (ಬೇರೆ ಬೇರೆ ಸಾಮಗ್ರಿ ಸೇರಿಸಿ ಚಿತ್ರ ಮಾಡುವುದು) ಹುಚ್ಚು. 2x3 ಅಡಿ ಕ್ಯಾನ್ವಾಸ್ ಮೇಲೆ ನಮ್ಮ ಕೋಟೆ ಗುಡ್ಡ ಬರೆಯೋಣ, ಕೈಯಿಟ್ಟರೆ ಬಂಡೆ ಬಂಡೆಯ ಹಾಗೇ ತಾಗಬೇಕು ಅಂತ ಹೊರಟೆ.

ಮಾಡಿದ್ದು ಇಷ್ಟು. ಮನೆಗೆ ಬಣ್ಣ ಮಾಡಿಸಿದಾಗ ಉಳಿದ ವಾಲ್ ಪುಟ್ಟಿ ಇತ್ತು. ಅದಕ್ಕೆ ನೀರು, ಸ್ವಲ್ಪ ಬಿಳಿ ಅಂಟು (ಬಡಗಿಗಳು ಮರಕ್ಕೆ ಹಾಕುತ್ತಾರಲ್ಲ, ಅದು) ಕಲಸಿ ಪ್ಯಾಲೆಟ್ ನೈಫಿನಿಂದ ಮೆತ್ತಿದೆ. ಬಂಡೆ ಬರುವ ಕಡೆ ಅರ್ಧ ಸೆಂಟಿಮೀಟರ್ ದಪ್ಪ ಇರಬಹುದು. ಕೋಟೆ ಗೋಡೆಗೆ ಗೋಣಿಚೀಲದ ತುಂಡುಗಳನ್ನು ಅದೇ ಅಂಟಿನಿಂದ ಅಂಟಿಸಿದೆ. ಆಮೇಲೆ ಸಂಡೂರಿನಿಂದ ತಂದಿದ್ದ ಕೆಂಪು ಮಣ್ಣನ್ನು ನೀರಲ್ಲಿ ಕಲಸಿ, ಒಂಚೂರು ಅಕ್ರಿಲಿಕ್ ಸೇರಿಸಿ ಬಳಿದೆ. ಕೊನೆಗೆ ನೆರಳಿಗೆ ಅಂತ ಹಳೇ ಚಾಳಿಯಂತೆ ನೀರು ನೀರು ಮಾಡಿದ ಬಣ್ಣ.

ಮಹಡಿ ಮೇಲಿನ ಶೀಟಿನ ರೂಮು, ಏಪ್ರಿಲ್ ತಿಂಗಳು, ಮಧ್ಯಾಹ್ನದ ಹೊತ್ತು, ಫ್ಯಾನ್ ಫುಲ್ ಸ್ಪೀಡು. ಒಂದು ಗಂಟೆಯಲ್ಲಿ ಒಣಗಿಬಿಟ್ಟಿತು, ನನಗೋ ಖುಷಿ. ಮೂರನೇ ದಿನ ನೋಡಿದರೆ ಬಂಡೆ ತುಂಬಾ ಬಿರುಕು. ಎತ್ತಿಡಲು ಹೋದಾಗ ಹಿಂದಿನಿಂದ ಬೆರಳು ಒತ್ತಿತು, ಚಪಾತಿ ತುಂಡಿನ ಹಾಗೆ ಎರಡು ಚೂರು ಟಪ್ ಅಂತ ಕೆಳಗೆ. ಕೆಂಪು ಮಣ್ಣು ಮುಟ್ಟಿದರೆ ಕೈಗೆ ಬರುತ್ತದೆ. ನೆರಳಿನ ಬಣ್ಣ ಹಚ್ಚಿದ ಕಡೆ ಗೋಣಿ ತುಂಡು ಎದ್ದು ನಿಂತಿದೆ. ಸಾಲದ್ದಕ್ಕೆ ಒಣಗಿದ ಮೇಲೆ ಬಣ್ಣ ಒಂದು ಮೆಟ್ಟಿಲು ಕಪ್ಪಾಗಿದೆ. ತಪ್ಪು ಎಲ್ಲಿ? ಈ ಕ್ಯಾನ್ವಾಸ್ ಉಳಿಯುತ್ತದಾ?

ಟ್ಯೂಬ್‌ಪ್ರಿಯ:

ಪುಟ್ಟಿ ಗೋಡೆಗೆ, ಕ್ಯಾನ್ವಾಸ್‌ಗಲ್ಲ. ಉಬ್ಬು ಕೆಲಸಕ್ಕೆ ಅಂತಲೇ ಬರುವ ಒಳ್ಳೆ ಇಂಪೋರ್ಟೆಡ್ ಮಾಡೆಲಿಂಗ್ ಪೇಸ್ಟ್ ತಗೊಳ್ಳಿ, ತಲೆನೋವೇ ಇರಲ್ಲ.

ರಾಯಚೂರು ಬೋರ್ಡ್‌ಬರಹ:

ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ ಫ್ಯಾನ್ ಹಾಕಿದರೆ ಇಂಪೋರ್ಟೆಡ್ ಪೇಸ್ಟೂ ಬಿರಿಯುತ್ತದೆ ಸರ್. ದುಡ್ಡು ಹೋಗುತ್ತದೆ, ಬಿರುಕು ಉಳಿಯುತ್ತದೆ.

ಅಕ್ಕಾ, ನಾನು ಫ್ಲೆಕ್ಸ್ ಬರುವ ಮುಂಚೆ ಅಂಗಡಿ ಬೋರ್ಡ್ ಬರೆಯುತ್ತಿದ್ದವನು, ನಮ್ಮೂರ ಬಿಸಿಲಲ್ಲಿ ಬಣ್ಣ ಏನೇನು ಆಟ ಆಡುತ್ತದೆ ಅಂತ ಬೇಕಾದಷ್ಟು ನೋಡಿದ್ದೇನೆ. ನಿಮಗೆ ಬಂದಿರುವುದು ಒಂದು ರೋಗ ಅಲ್ಲ, ನಾಲ್ಕು. ಒಂದೊಂದೇ ನೋಡೋಣ.

ಬಿರುಕು. ಇಂಥ ಪೇಸ್ಟ್‌ನಲ್ಲಿ ನೀರು ಹೋದ ಹಾಗೆ ಪದರ ಕುಗ್ಗುತ್ತದೆ. ನಿಧಾನವಾಗಿ ಹೋದರೆ ಮೇಲೆ ಕೆಳಗೆ ಒಟ್ಟಿಗೆ ಕುಗ್ಗುತ್ತದೆ. ನಿಮ್ಮ ರೂಮಿನಲ್ಲಿ 40 ಡಿಗ್ರಿ ದಾಟಿದ ಒಣ ಗಾಳಿ, ಮೇಲೆ ಫ್ಯಾನು. ಮೇಲಿನ ಚರ್ಮ ಕೂಡಲೇ ಗಟ್ಟಿಯಾಗಿದೆ, ಒಳಗೆ ಇನ್ನೂ ಹಸಿ. ಆಮೇಲೆ ಒಳಗಿನದು ಕುಗ್ಗಲು ಶುರು ಮಾಡಿದಾಗ ಚರ್ಮ ಹರಿದಿದೆ. ಕೆರೆ ತಳ ಬಿರಿಯುವುದೂ ಹೀಗೇ ಅಲ್ವಾ, ನೀವೇ ತಲೆಬರಹದಲ್ಲಿ ಹೇಳಿದ್ದೀರಿ.

ಚೂರು ಉದುರಿದ್ದು ಬೇರೆ ಕಾರಣಕ್ಕೆ. ಪುಟ್ಟಿ ಕಲ್ಲಿನ ಹಾಗೆ ಬಗ್ಗದ ವಸ್ತು. ಕ್ಯಾನ್ವಾಸ್ ಡೋಲಿನ ಚರ್ಮದ ಹಾಗೆ ಅಲುಗಾಡುತ್ತದೆ. ಬಗ್ಗದ್ದನ್ನು ಬಗ್ಗುವುದರ ಮೇಲೆ ಕೂರಿಸಿದರೆ ಎಷ್ಟು ದಿನ ನಿಲ್ಲುತ್ತದೆ? ಪುಟ್ಟಿಯೇ ಬೇಕಿದ್ದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಪ್ಲೈವುಡ್ ಮೇಲೆ ಮಾಡಿ. ಪ್ಲೈವುಡ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಸುಮ್ನೆ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಕ್ಯಾನ್ವಾಸೇ ಬೇಕು ಅಂದರೆ ಅಕ್ರಿಲಿಕ್ ಮೀಡಿಯಮ್‌ಗೆ ಮಾರ್ಬಲ್ ಪುಡಿ ಕಲಸಿ. ಅದು ಸ್ವಲ್ಪ ಬಗ್ಗುತ್ತದೆ. ಮೀಡಿಯಮ್ ಅಂದರೆ ಬಣ್ಣ ಸೇರಿಸದ ಅಕ್ರಿಲಿಕ್ ಅಂಟು.

ಗೋಣಿ ಎದ್ದಿದ್ದು ಅಂಟಿನಿಂದ. ಮರದ ಬಿಳಿ ಅಂಟು ಒಣಗಿದ ಮೇಲೂ ನೀರು ಬಿದ್ದರೆ ಮೆತ್ತಗಾಗುತ್ತದೆ. ನೀವು ಅದರ ಮೇಲೆ ನೀರುಬಣ್ಣ ಸುರಿದಿದ್ದೀರಿ. ಅಂಟಿನ ತಪ್ಪಲ್ಲ, ಅದನ್ನು ಮಾಡಿರುವುದೇ ಮರಕ್ಕೆ. ಬಟ್ಟೆ, ಕಾಗದ, ಗೋಣಿ ಏನೇ ಅಂಟಿಸಿದರೂ ಅಕ್ರಿಲಿಕ್ ಮೀಡಿಯಮ್‌ನಿಂದಲೇ ಅಂಟಿಸಿ, ಅದು ಒಮ್ಮೆ ಒಣಗಿದರೆ ನೀರಿಗೆ ಜಗ್ಗಲ್ಲ.

ಬಣ್ಣ ಕಪ್ಪಾಗಿದ್ದಕ್ಕೆ ಮಾತ್ರ ಚಿಂತೆ ಬೇಡ. ಅಕ್ರಿಲಿಕ್ ಬೈಂಡರ್ (ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು) ಹಸಿ ಇದ್ದಾಗ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಗಾಜು. ಆ ಬಿಳುಪು ಹೋದಷ್ಟು ಬಣ್ಣ ಕಡುವಾಗುತ್ತದೆ. ಜಲವರ್ಣದವರಿಗೆ ಇದು ಉಲ್ಟಾ ಅನ್ನಿಸುತ್ತದೆ, ಅದು ಒಣಗಿದ ಮೇಲೆ ತಿಳಿಯಾಗುತ್ತದೆ. ಒಂದು ಮೆಟ್ಟಿಲು ತಿಳಿಯಾಗಿ ಕಲಸಿಕೊಳ್ಳಿ.

ಕಿನ್ನಾಳ ದಾರಿ:

ಕೊಪ್ಪಳದವನು ನಾನು. ಮಣ್ಣಿನ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸಂಡೂರಿನ ಕೆಂಪು ಅಂದರೆ ಕಬ್ಬಿಣದ ಅದಿರಿನ ಕೆಂಪು, ಹೆಮಟೈಟ್. ಬಿಸಿಲಿಗೆ ಮಾಸದ ಬಣ್ಣ ಅದು. ಬಣ್ಣದ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಪಿಆರ್ 102 ಅಂತ ಇದ್ದರೆ ಒಳಗಿರುವುದು ಇದೇ ಜಾತಿಯ ನೈಸರ್ಗಿಕ ಕೆಂಪು, ಪಿಆರ್ 101 ಅಂದರೆ ಕಾರ್ಖಾನೆಯಲ್ಲಿ ಮಾಡಿದ್ದು. ಅಂದರೆ ನಿಮ್ಮ ಮಣ್ಣಿನಲ್ಲಿ ದೋಷ ಇಲ್ಲ. ಅದನ್ನು ಹಿಡಿದಿಡಲು ಬೈಂಡರ್ ಸಾಕಾಗಿಲ್ಲ, ಅಷ್ಟೇ. ನೀರು ಆರಿತು, ಮಣ್ಣು ಮಣ್ಣಾಗೇ ಕೂತಿದೆ.

ಮೊದಲು ಮಣ್ಣು ತೊಳೆಯಿರಿ. ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕದಡಿ, ಅರ್ಧ ನಿಮಿಷ ಬಿಡಿ. ಮರಳು, ಹರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಹಳೇ ಪಂಚೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿ, ರಾತ್ರಿ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಮೇಲೆ ತಿಳಿನೀರು, ಕೆಳಗೆ ಬೆಣ್ಣೆಯಂಥ ಕೆಸರು. ನೀರು ಚೆಲ್ಲಿ ಹೊಸ ನೀರು ಹಾಕಿ ಇನ್ನೆರಡು ಸಲ ಹೀಗೇ ಮಾಡಿ, ಮಣ್ಣಿನಲ್ಲಿ ಉಪ್ಪು ಇದ್ದರೆ ಹೋಗುತ್ತದೆ, ಇಲ್ಲವಾದರೆ ಆಮೇಲೆ ಬೆಳ್ಳಗೆ ಬೂದಿ ಬಿಟ್ಟ ಹಾಗೆ ಮೇಲೆ ಬರಬಹುದು. ಬೋರ್‌ವೆಲ್ ನೀರು ಬೇಡ, ಕುಡಿಯುವ ಫಿಲ್ಟರ್ ನೀರು ಬಳಸಿ. ಆ ಕೆಸರನ್ನು ಹಸಿಯಾಗಿರುವಾಗಲೇ ಮ್ಯಾಟ್ ಮೀಡಿಯಮ್ ಜೊತೆ ಸಮಸಮ ಕಲಸಿ. ಒಣಗಿದ ಮೇಲೆ ಒದ್ದೆ ಹತ್ತಿಯಿಂದ ಉಜ್ಜಿ ನೋಡಿ. ಹತ್ತಿ ಕೆಂಪಾದರೆ ಮೀಡಿಯಮ್ ಹೆಚ್ಚಿಸಿ. ಒಣ ಪುಡಿ ಮಾಡಿ ಜರಡಿ ಹಿಡಿಯುವವರು ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ.

ಇನ್ನೊಂದು ಮಾತು. ನಮ್ಮ ಕಿನ್ನಾಳದ ಗೊಂಬೆಗೂ ಮೆತ್ತುವ ಕೆಲಸ ಇದೆ. ಹುಣಸೆ ಬೀಜದ ಅಂಟು, ಮರದ ಹೊಟ್ಟು, ಗೋಣಿಯ ನುಣ್ಣನೆ ಪುಡಿ ಸೇರಿಸಿ ಕಿಟ್ಟ ಅಂತ ಮಾಡುತ್ತಾರೆ. ಒಡವೆಯ ಉಬ್ಬು ಕೆಲಸಕ್ಕೆ ಬೆಣಚುಕಲ್ಲಿನ ಪುಡಿ, ಅಂಟು. ಅದು ನಿಲ್ಲುವುದು ಯಾಕೆ ಹೇಳಿ? ಕೆಳಗಿರುವುದು ಮರ. ಮತ್ತೆ ನಾರು ಇದೆ, ನಾರು ಹಿಡಿದುಕೊಳ್ಳುತ್ತದೆ. ನೀವು ಗೋಣಿಯನ್ನು ಮೇಲೆ ಅಂಟಿಸಿದ್ದೀರಿ, ಅದನ್ನೇ ಸಣ್ಣಗೆ ಕತ್ತರಿಸಿ ಪೇಸ್ಟ್ ಒಳಗೆ ಸೇರಿಸಿ ನೋಡಿ.

ಕೌಲ್‌ಬಜಾರ್ ಕುಂಚ:

ಹುಣಸೆ ಬೀಜದ ಅಂಟು ನಾನೇ ಮಾಡಿ ಅಕ್ರಿಲಿಕ್ ಕೆಳಗೆ ಹಾಕಬಹುದಾ ಅಣ್ಣ? ಮನೆಯಲ್ಲಿ ಬೀಜ ರಾಶಿ ಇದೆ.

ಕಿನ್ನಾಳ ದಾರಿ:

ಕ್ಯಾನ್ವಾಸ್ ಮೇಲೆ ಬೇಡ. ನೀರು ತಾಗಿದರೆ ಅದೂ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಬೂಸ್ಟು ಬರುತ್ತದೆ, ಹುಳ ಹಿಡಿಯುತ್ತದೆ. ಮರದ ತುಂಡಿನ ಮೇಲೆ ಆಟ ಆಡಿ ನೋಡಿ, ಮಾರುವ ಚಿತ್ರಕ್ಕೆ ಬೇಡ.

ರಾಯಚೂರು ಬೋರ್ಡ್‌ಬರಹ:

ನೀರುಬಣ್ಣದ ಚಾಳಿ ಬಗ್ಗೆ ಹೇಳುವುದು ಮರೆತೆ. ಅಕ್ರಿಲಿಕ್‌ಗೆ ನೀರು ತೀರಾ ಜಾಸ್ತಿ ಆದರೆ ಬೈಂಡರ್ ತೆಳುವಾಗಿ ಬಣ್ಣ ಹಿಡಿತ ಕಳೆದುಕೊಳ್ಳುತ್ತದೆ. ಅರ್ಧ ನೀರು, ಅರ್ಧ ಮೀಡಿಯಮ್ ಹಾಕಿ ತೆಳ್ಳಗೆ ಮಾಡಿ. ನೋಡಲು ಅಷ್ಟೇ ತೆಳು, ಆದರೆ ಕೂರುತ್ತದೆ.

ಟ್ಯೂಬ್‌ಪ್ರಿಯ:

ಹಿರೇಬೆಣಕಲ್ ಗುಡ್ಡದಲ್ಲಿ ಕಲ್ಲಿನ ಮೇಲೆ ಸಾವಿರಾರು ವರ್ಷ ಹಳೆಯ ಕೆಮ್ಮಣ್ಣಿನ ಚಿತ್ರ ಇವೆಯಲ್ಲ, ಅವರು ಯಾವ ಮೀಡಿಯಮ್ ಹಾಕಿದ್ದರು 😀

ರಾಯಚೂರು ಬೋರ್ಡ್‌ಬರಹ:

ಅವರು ಅರ್ಧ ಸೆಂಟಿಮೀಟರ್ ಪುಟ್ಟಿ ಮೆತ್ತಲಿಲ್ಲ ಸರ್. ಗಟ್ಟಿ ಬಂಡೆ, ತೆಳು ಬಣ್ಣ. ಹತ್ತಿರದಿಂದ ನೋಡಿದರೆ ಬಣ್ಣ ಕಲ್ಲಿನೊಳಗೇ ಇಳಿದ ಹಾಗಿದೆ.

ಕೌಲ್‌ಬಜಾರ್ ಕುಂಚ:

ಹತ್ತು ದಿನ ಬಿಟ್ಟು ಬರುತ್ತಿದ್ದೇನೆ, ಸುಮ್ಮನೆ ಕೂತಿರಲಿಲ್ಲ. ಪ್ಲೈವುಡ್ ಅಂಗಡಿಯಿಂದ ಅಂಗೈಯಗಲದ ಎಂಡಿಎಫ್ ತುಂಡು ತಂದು ಪರೀಕ್ಷೆ ಮಾಡಿದೆ.

ಮೊದಲನೆಯದಕ್ಕೆ ಹಳೇ ಪುಟ್ಟಿಯನ್ನೇ ದಪ್ಪಗೆ ಮೆತ್ತಿ ಬೇಕಂತಲೇ ಫ್ಯಾನ್ ಕೆಳಗಿಟ್ಟೆ. ಮಾರನೇ ದಿನವೇ ಬಿರುಕು. ಆದರೆ ಚೂರು ಉದುರಲಿಲ್ಲ, ಉಗುರಿನಿಂದ ಕೆದಕಿದರೂ ಬರಲಿಲ್ಲ. ಹಲಗೆಯ ಮಾತು ನಿಜ ಅಂತ ಆಗ ಗೊತ್ತಾಯಿತು. ಎರಡನೆಯದಕ್ಕೆ ಅದೇ ಪುಟ್ಟಿ, ತೆಳ್ಳಗೆ ಮೂರು ಪದರ, ದಿನಕ್ಕೆ ಒಂದು. ಕೆಳಗಿನ ಅಡುಗೆಮನೆಯಲ್ಲಿಟ್ಟು, ತಾಗದ ಹಾಗೆ ಮೇಲೊಂದು ಬೇಸಿನ್ ಬೋರಲು ಹಾಕಿದೆ. ಒಂದು ಗೆರೆ ಇಲ್ಲ! ಬೇಸಿನ್ ಯಾಕೆ ಸಿಗುತ್ತಿಲ್ಲ ಅಂತ ಅಮ್ಮ ಮೂರು ದಿನ ಬೈದರು, ಅದು ಬೇರೆ ಮಾತು. ಮೂರನೆಯದಕ್ಕೆ ಮೀಡಿಯಮ್, ಮಾರ್ಬಲ್ ಪುಡಿ, ಕತ್ತರಿಸಿದ ಗೋಣಿ ನಾರು. ಇದು ಎಲ್ಲಕ್ಕಿಂತ ಚೆನ್ನಾಗಿದೆ. ಅಂಚಿನಲ್ಲಿ ನಾರು ಅಲ್ಲಲ್ಲಿ ಇಣುಕುತ್ತದೆ, ಬಂಡೆ ಸಂದಿಯಲ್ಲಿ ಒಣಹುಲ್ಲು ಇದ್ದ ಹಾಗೆ.

ಮಣ್ಣು ತೊಳೆದೆ. ಒಂದು ಕೆಜಿಗೆ ಒಂದು ಟೀ ಲೋಟದಷ್ಟು ನುಣುಪು ಕೆಸರು ಸಿಕ್ಕಿತು, ಉಳಿದದ್ದೆಲ್ಲ ಮರಳು. ಸಮಸಮ ಕಲಸಿದಾಗ ಹತ್ತಿ ಇನ್ನೂ ಗುಲಾಬಿ ಆಗುತ್ತಿತ್ತು, ಮೀಡಿಯಮ್ ಒಂದೂವರೆ ಪಾಲು ಮಾಡಿದ ಮೇಲೆ ನಿಂತಿತು. ಆದರೆ ಮಣ್ಣಿನ ಆ ಒಣ ನೋಟ ಸ್ವಲ್ಪ ಹೋಯಿತು, ಒಂಥರ ಮಿಂಚು ಬಂತು. ಅದು ನನಗೆ ಇಷ್ಟ ಇಲ್ಲ. ಮೇಲೆ ಒಂದು ಚಿಟಿಕೆ ಒಣ ಮಣ್ಣು ಉದುರಿಸಿದರೆ?

ಕಿನ್ನಾಳ ದಾರಿ:

ಉದುರಿಸಿ, ಆದರೆ ಕೆಳಗಿನ ಪದರ ಹಸಿ ಇರುವಾಗ. ಬೆರಳಿನಿಂದ ಮೆಲ್ಲಗೆ ತಟ್ಟಿ, ಒಣಗಿದ ಮೇಲೆ ಬಿಡಿ ಪುಡಿಯನ್ನು ಬ್ರಷ್‌ನಿಂದ ಸರಿಸಿಬಿಡಿ. ಹಿಡಿದಿದ್ದು ಇರುತ್ತದೆ.

ಕೌಲ್‌ಬಜಾರ್ ಕುಂಚ:

ಸರಿ ಅಣ್ಣ. ಹಳೇ ಕ್ಯಾನ್ವಾಸ್ ಕಥೆ?

ರಾಯಚೂರು ಬೋರ್ಡ್‌ಬರಹ:

ಅಲುಗಾಡುವ ಚೂರೆಲ್ಲ ತೆಗೆದುಬಿಡಿ. ಚೌಕಟ್ಟಿನಿಂದ ಬಿಚ್ಚಿ, ಪ್ಲೈವುಡ್ ಮೇಲೆ ಮೀಡಿಯಮ್ ಬಳಿದು ಕ್ಯಾನ್ವಾಸನ್ನು ಹಾಗೇ ಅಂಟಿಸಿ. ಮೇಲಿನಿಂದ ಭಾರ ಹೇರಬೇಡಿ, ಉಬ್ಬು ಮುರಿಯುತ್ತದೆ, ಅಂಚಿಗೆ ಮಾತ್ರ ಕ್ಲಿಪ್ ಹಾಕಿ. ಆಮೇಲೆ ಮೀಡಿಯಮ್‌ಗೆ ಸ್ವಲ್ಪ ನೀರು ಸೇರಿಸಿ ಸಣ್ಣ ಬ್ರಷ್‌ನಿಂದ ಬಿರುಕಿನ ಬಾಯಿಗೆ ಕುಡಿಸಿ, ಅದೇ ಒಳಗೆ ಎಳೆದುಕೊಳ್ಳುತ್ತದೆ. ಮಣ್ಣಿನ ಭಾಗಕ್ಕೂ ಅದನ್ನೇ ತೆಳ್ಳಗೆ ಒಂದು ಕೈ ಕೊಡಿ. ಬೆಳಿಗ್ಗೆ 8ರ ಒಳಗೆ ಕೆಲಸ ಮುಗಿಸಿ, ಫ್ಯಾನ್ ಬೇಡ. ಬಿರುಕು ತುಂಬಿಸಿ ಮುಚ್ಚಲು ಹೋಗಬೇಡಿ ಅಕ್ಕಾ, ಬಳ್ಳಾರಿ ಗುಡ್ಡದಲ್ಲಿ ಬಿರುಕಿಲ್ಲದ ಬಂಡೆ ಎಲ್ಲಿದೆ?

ಕೌಲ್‌ಬಜಾರ್ ಕುಂಚ:

ಅಂಟಿಸಿದೆ, ಕುಡಿಸಿದೆ. ಐದು ದಿನ ಆಯಿತು, ಹಿಂದಿನಿಂದ ತಟ್ಟಿದರೂ ಏನೂ ಬೀಳುತ್ತಿಲ್ಲ. ಎಡಗಡೆ ಬಂಡೆಯ ಮೂರು ಬಿರುಕಿಗೆ ಕಡು ಕಂದು ತೆಳ್ಳಗೆ ಬಿಟ್ಟೆ, ಈಗ ಅದೇ ಚಿತ್ರದ ಚೆಂದದ ಜಾಗ ಆಗಿದೆ. ನಾಳೆ ಪಾಲಿಥೀನ್ ಸುತ್ತಿ ಅಟ್ಟಕ್ಕೆ ಹಾಕುತ್ತೇನೆ, ಸಂತೋಷವಾಯಿತು ಎಲ್ಲರಿಗೂ.

ರಾಯಚೂರು ಬೋರ್ಡ್‌ಬರಹ:

ಅಯ್ಯೋ, ಪಾಲಿಥೀನ್ ಬೇಡ! ಸೆಕೆಗೆ ಅಕ್ರಿಲಿಕ್ ಮೆತ್ತಗಾಗಿ ಅಂಟಂಟಾಗುತ್ತದೆ, ಕವರು ಕಚ್ಚಿಕೊಳ್ಳುತ್ತದೆ. ಅಟ್ಟವೂ ಬೇಡ. ಕೆಳಗಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ, ಏನೂ ತಾಗದ ಹಾಗೆ.